ಪಂಪನಗೌಡರ ಕಾರಿನ ಕಣ್ಣು

ಪಂಪನಗೌಡರು ನಮ್ಮ ಶೋರೂಮಿನ ಸೋಫಾದ ಮೇಲೆ ಒಂದು ದಿನವೂ ಕುಳಿತವರಲ್ಲ. ಎ.ಸಿ. ಹಾಕಿದ ಕೋಣೆ, ಕಾಫಿ ಯಂತ್ರ, ಗೋಡೆಯ ಮೇಲಿನ ಟಿ.ವಿ., ಇವು ಯಾವುದರ ಕಡೆಗೂ ತಿರುಗಿ ನೋಡದೆ ನೇರವಾಗಿ ಹಿಂದಿನ ವರ್ಕ್‌ಶಾಪಿಗೆ ನಡೆದು ತಮ್ಮ ಬಿಳಿ ಕಾರಿನ ಪಕ್ಕ ನಿಂತುಬಿಡುತ್ತಿದ್ದರು. ಬಾನೆಟ್ಟಿನ ಮೇಲೆ ಅಂಗೈ ಊರಿ, ಕಟ್ಟಿಹಾಕಿದ ಹಸುವಿಗೆ ಧೈರ್ಯ ಹೇಳುವವರ ಹಾಗೆ. ಗಿರಾಕಿಗಳು ಒಳಗೆ ಬರಬಾರದು ಎಂಬ ಬೋರ್ಡು ಅಲ್ಲೇ ಇತ್ತು. ಎಲೆಕ್ಟ್ರಿಷಿಯನ್ ಖಾದರ್ ಭಾಯ್ ಅದನ್ನು ತೋರಿಸಿದರೆ, "ಹೊಸಬ್ರು ಮೈ ಮುಟ್ಟಿದ್ರ ದನ ಬೆದರ್ತಾವು ಭಾಯ್. ಗುರ್ತಿನವ್ರು ಒಬ್ರು ಬಾಜೂಕ ಇರಬೇಕು" ಎನ್ನುತ್ತಿದ್ದರು. ಖಾದರ್ ಭಾಯ್ ನಗುತ್ತ ಕೆಲಸಕ್ಕೆ ಬಗ್ಗುತ್ತಿದ್ದರು.

ಅವರು ದನದ ಡಾಕ್ಟ್ರು. ಕಾಗದದ ಮೇಲೆ ಪಶು ಇಲಾಖೆಯ ಇನ್ಸ್‌ಪೆಕ್ಟರ್ ಅಷ್ಟೇ, ಆದರೆ ಕುರುಗೋಡಿನಿಂದ ಸಿರುಗುಪ್ಪದವರೆಗೆ, ಈ ಕಡೆ ಕೊಳಗಲ್ಲು, ಮೋಕದವರೆಗೆ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಡಾಕ್ಟ್ರೆ ಎಂದೇ. ನಿವೃತ್ತಿಯಾದ ಮೇಲೂ ಮಂದಿ ಬಿಡಲಿಲ್ಲ, ಅವರೂ ಬಿಡಲಿಲ್ಲ. ಇಪ್ಪತ್ತೈದು ವರ್ಷ ಬೈಕಿನಲ್ಲಿ ತಿರುಗಿ ಬೆನ್ನು ಹಾಳಾಗಿದ್ದರಿಂದ ಕಾರು ಕೊಂಡಿದ್ದರು. ಹಿಂದಿನ ಸೀಟು ಮಡಚಿ ಅಲ್ಲಿ ಔಷಧಿ ಪೆಟ್ಟಿಗೆ, ಹಗ್ಗ, ಬಕೆಟ್ಟು, ಮೊಣಕೈ ದಾಟುವ ರಬ್ಬರ್ ಕೈಗವಸು ಇಟ್ಟುಕೊಳ್ಳುತ್ತಿದ್ದರು. ಸರ್ವೀಸಿಗೆ ಬಂದಾಗ ಆ ಕಾರಿನ ಬಾಗಿಲು ತೆಗೆದರೆ ಡೆಟಾಲ್ ಮತ್ತು ಸಗಣಿಯ ವಾಸನೆ ಒಟ್ಟಿಗೇ ಹೊರಬರುತ್ತಿತ್ತು.

ನಾನಾಗ ಬಳ್ಳಾರಿಯ ಆ ಶೋರೂಮಿನಲ್ಲಿ ಸರ್ವೀಸ್ ಅಡ್ವೈಸರ್. ಗಿರಾಕಿ ಹೇಳಿದ ತೊಂದರೆಯನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುವುದು, ಒಳಗಿನವರು ಹೇಳಿದ್ದನ್ನು ಗಿರಾಕಿಗೆ ಸಮಾಧಾನವಾಗುವಂತೆ ತಿಳಿಸುವುದು ನನ್ನ ಕೆಲಸ. ಸಮಾಧಾನ ಮಾಡುವುದರಲ್ಲಿ ನಾನು ಜಾಣೆ ಎಂದು ಮ್ಯಾನೇಜರ್ ಎಲ್ಲರೆದುರು ಹೊಗಳುತ್ತಿದ್ದರು. ಕೌಲ್ ಬಜಾರಿನ ಬಾಡಿಗೆ ಮನೆಯಲ್ಲಿ ಅಮ್ಮ, ಓದುವ ತಂಗಿ, ನಾನು. ಆ ಹೊಗಳಿಕೆ ನನಗೆ ಬೇಕಾಗಿತ್ತು.

ಅವರು ಮೊದಲ ಸಲ ಹೆಡ್‌ಲೈಟಿನ ತಕರಾರು ತಂದ ದಿನ ಚೆನ್ನಾಗಿ ನೆನಪಿದೆ. ಮೇಜಿನ ಮುಂದೆ ನಿಂತು, "ಯವ್ವಾ, ಇದಕ್ಕ ಕಣ್ಣು ಕತ್ಲಿ ಬರ್ತೈತಿ" ಎಂದರು.

"ಲೈಟ್ ಡಿಮ್ ಆಗ್ತೈತೇನ್ರಿ ಸರ್?"

"ಡಿಮ್ ಅಲ್ಲ. ಎರಡೂ ಒಮ್ಮೆಲೆ ಹೋಗ್ತಾವು. ನಾಕು ನಿಮಿಷ ಬಂದ್ ಮಾಡಿ ಕುಂತ್ರ ತಾವ ಬರ್ತಾವು. ನರದಾಗ ಏನೋ ಐತಿ."

ಖಾದರ್ ಭಾಯ್ ಬಲ್ಬು ನೋಡಿದರು, ಫ್ಯೂಸು ನೋಡಿದರು, ಕಂಪ್ಯೂಟರ್ ಹಚ್ಚಿ ನೋಡಿದರು. ಲೈಟು ಉರಿದೇ ಉರಿದವು. ಜಾಬ್ ಕಾರ್ಡಿನ ಮೇಲೆ ರೂಢಿಯಂತೆ ಇಂಗ್ಲಿಷಿನಲ್ಲಿ ಒಂದು ಸಾಲು ಬಿತ್ತು. ಅವರು ಅದನ್ನು ಕನ್ನಡದಲ್ಲಿ ಓದಿ ಹೇಳು ಎಂದರು. "ಗಿರಾಕಿ ಹೇಳಿದ ದೋಷ ಕಂಡುಬಂದಿಲ್ಲ" ಎಂದೆ.

ಅವರು ಸಿಟ್ಟಾಗಲಿಲ್ಲ. "ನನ್ನ ದವಾಖಾನಿಗೆ ಬಂದ ಎಮ್ಮಿ ನನ್ನ ಮುಂದ ಚಲೋ ನಿಂತ್ರ, ರೋಗ ಇಲ್ಲಂತ ಬರ್ದು ಕಳಿಸ್ಲೇನವ್ವಾ? ಬಾಯಿಲ್ಲದ್ದು ತಾನಾಗಿ ಹೇಳಾಂಗಿಲ್ಲ. ನಾವ ಕೇಳ್ಕೋಬೇಕು" ಎಂದು ಕಾರಿನ ಕೀಲಿ ತೆಗೆದುಕೊಂಡು ಹೋದರು. ಬಾಯಿಲ್ಲದ್ದರ ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು. ಕುರಿಗೂ ಅದೇ, ಕಾರಿಗೂ ಅದೇ.

ಆಮೇಲೆ ನಾಲ್ಕು ಸಲ ಬಂದರು. ಪ್ರತಿ ಸಲವೂ ಒಂದು ನೋಟ್‌ಬುಕ್ಕು ತಂದು ನನ್ನ ಮುಂದೆ ಬಿಚ್ಚುತ್ತಿದ್ದರು. ದನಗಳ ಕೇಸು ಬರೆಯುವ ರೀತಿಯಲ್ಲೇ ಕಾರಿನದನ್ನೂ ಬರೆದಿದ್ದರು. 'ಕೊಳಗಲ್ಲು ತಿರುವು. ತಗ್ಗಿನಲ್ಲಿ ಇಳಿದಾಗ ಎರಡೂ ಕಣ್ಣು ಹೋದವು. ಎಂಜಿನ್ ಬಿಸಿ ಇತ್ತು. ಆರು ನಿಮಿಷಕ್ಕೆ ಬಂದವು.' 'ಮೋಕ ದಾಟಿ. ರಸ್ತೆ ನುಣುಪು. ಆದರೂ ಹೋದವು.' ಅಕ್ಷರ ಮುತ್ತಿನಂಥವು. ಯಾವ ಗಿರಾಕಿಯೂ ನಮಗೆ ಅಷ್ಟು ಸರಿಯಾಗಿ ರೋಗ ಹೇಳಿದ್ದಿಲ್ಲ. ನಾವು ಬ್ಯಾಟರಿಯ ತುದಿ ಉಜ್ಜಿ, ಬಲ್ಬು ಬದಲಿಸಿ, ಕಾರು ತೊಳೆದು ಕಳಿಸುತ್ತಿದ್ದೆವು.

ಐದನೆಯ ಸಲ ಬಂದಾಗ, "ನೀನ ಒಮ್ಮೆ ಬಾ. ಕೊಳಗಲ್ಲಿನತನ ಹೋಗಿ ಬರೂಣು. ನಿನ್ನ ಕಣ್ಣೀಲೆ ನೋಡು, ಆಮ್ಯಾಲೆ ಏನರ ಬರಿ" ಎಂದರು. ಟೆಸ್ಟ್ ಡ್ರೈವ್ ಎಂದು ಬರೆದುಕೊಂಡು ಸಂಜೆ ಹೊರಟೆ. ದಾರಿಯುದ್ದಕ್ಕೂ ಯಾವ ಹೊಲದವನ ಎತ್ತು ಕುಂಟುತ್ತದೆ, ಯಾವ ಮನೆಯ ಎಮ್ಮೆ ಸೊಸೆಗೆ ಹಾಲು ಕೊಡುತ್ತದೆ, ಅತ್ತೆಗೆ ಒದೆಯುತ್ತದೆ ಎಂದು ಹೇಳುತ್ತಿದ್ದರು. ನಾನು ನಗುತ್ತಿದ್ದೆ. ಕೊಳಗಲ್ಲು ಮುಟ್ಟಿ ತಿರುಗಿಸಿಕೊಂಡು ಬರುವಾಗ ಕತ್ತಲಾಗಿತ್ತು. ಎದುರಿನಿಂದ ಲಾರಿಯೊಂದು ಬರುತ್ತಿತ್ತು. ಆಗಲೇ ಹೋದವು.

ಅದನ್ನು ಹೇಗೆ ಹೇಳಲಿ? ದೀಪ ಆರಿತು ಎಂದರೆ ಸಾಲದು. ಮುಂದಿದ್ದ ರಸ್ತೆ, ಅಂಚಿನ ಜಾಲಿ ಗಿಡ, ಬಿಳಿ ಗೆರೆ ಎಲ್ಲವೂ ಒಮ್ಮೆಗೇ ಇಲ್ಲವಾದವು. ಲಾರಿಯ ಬೆಳಕು ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು, ಕಾರು ಹೋಗುತ್ತಲೇ ಇತ್ತು. ನಾನು ಚೀರಿದೆನಂತೆ. ಅವರು ಹಾರ್ನ್ ಒತ್ತಿ ಹಿಡಿದು, ನಿಧಾನಕ್ಕೆ ಎಡಕ್ಕೆ ಎಳೆದು ಮಣ್ಣಿಗೆ ಇಳಿಸಿ ನಿಲ್ಲಿಸಿದರು. ಲಾರಿ ಬೈದುಕೊಂಡು ಹೋಯಿತು. ಎಂಜಿನ್ ಬಂದ್ ಮಾಡಿ, "ಈಗ ಕಂಡುಬಂತೇನವ್ವಾ ದೋಷ?" ಎಂದರು.

ಮರುದಿನ ಕಂಡದ್ದನ್ನು ಕಂಡಂತೆ ಜಾಬ್ ಕಾರ್ಡಿನಲ್ಲಿ ಬರೆದೆ. ಮ್ಯಾನೇಜರ್ ಓದಿ, "ಪರವಾಗಿಲ್ಲಮ್ಮಾ, ಕಂಪನಿಗೆ ಮೇಲ್ ಹಾಕೋಣ" ಎಂದರು. ಮೇಲ್ ಹೋಯಿತು. ತಿಂಗಳುಗಟ್ಟಲೆ ಏನೂ ಬರಲಿಲ್ಲ.

ನಂತರ ಒಂದು ದಿನ ಗೌಡರು ಎಣ್ಣೆ ಜಿನುಗುವ ಪೊಟ್ಟಣ ಹಿಡಿದು ಬಂದರು. ಬಿಸಿ ಮಿರ್ಚಿ ಮತ್ತು ಒಗ್ಗರಣೆ ಮಂಡಕ್ಕಿ. ಖಾದರ್ ಭಾಯ್‌ನಿಂದ ಹಿಡಿದು ಕಾರು ತೊಳೆಯುವವರವರೆಗೆ ಎಲ್ಲರಿಗೂ ಹಂಚಿದರು. ಜೇಬಿನಿಂದ ಒಂದು ಪತ್ರ ತೆಗೆದು ನನ್ನ ಮುಂದೆ ಇಟ್ಟರು. ಕಂಪನಿಯಿಂದ ಬಂದದ್ದು, ರೀಕಾಲ್ ಪತ್ರ. ಆ ಮಾದರಿಯ ಕೆಲವು ಕಾರುಗಳ ಹೆಡ್‌ಲೈಟಿಗೆ ಕರೆಂಟು ಹಂಚುವ ಪೆಟ್ಟಿಗೆಯಲ್ಲಿ ದೋಷವಿರುವ ಸಾಧ್ಯತೆ ಇದೆ, ಉಚಿತವಾಗಿ ಬದಲಿಸಿಕೊಡುತ್ತೇವೆ ಎಂದಿತ್ತು. ಕೆಳಗೆ ಅವರ ಕಾರಿನ ಚಾಸಿ ನಂಬರು.

"ನಾ ಸುಳ್ಳು ಹೇಳಿದ್ದಿಲ್ಲ ಅಂತ ಕಾಗ್ದ ಬಂತು ನೋಡು" ಎಂದರು. ಅರವತ್ತು ದಾಟಿದ ಮನುಷ್ಯ ಪರೀಕ್ಷೆ ಪಾಸಾದವನ ಹಾಗೆ ನಗುತ್ತಿದ್ದರು.

ಪತ್ರದ ಕೊನೆಯಲ್ಲಿ ಇನ್ನೂ ಎರಡು ಸಾಲು ಇದ್ದವು. ಬಿಡಿಭಾಗ ಬಂದ ಮೇಲೆ ಶೋರೂಮಿನವರು ತಿಳಿಸುತ್ತಾರೆ. ಅಲ್ಲಿಯವರೆಗೆ ಕತ್ತಲಲ್ಲಿ ವಾಹನ ಓಡಿಸುವುದನ್ನು ಆದಷ್ಟು ತಪ್ಪಿಸಿ. ನಾನು ಅದನ್ನು ಓದಿ ಹೇಳಿದಾಗ ಅವರ ನಗು ನಿಂತಿತು. "ಎಮ್ಮಿಗೆ ಹೇಳ್ಲೇನವ್ವಾ, ಹಗಲ್ನಾಗ ಈಯವ್ವಾ ಅಂತ?" ಎಂದರು.

ಬಿಡಿಭಾಗ ಬರಲಿಲ್ಲ. ಅವರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. "ಬಂತೇನವ್ವಾ?" ಅಷ್ಟೇ ಮಾತು. "ಇನ್ನೂ ಇಲ್ರಿ ಸರ್" ಎಂಬುದು ನನ್ನ ಉತ್ತರ. ಕಂಪನಿಯ ಸಹಾಯವಾಣಿಗೂ ಮಾಡಿ ನೋಡಿದರು. ಅಲ್ಲಿ ಒಂದು ಒತ್ತಿ, ಎರಡು ಒತ್ತಿ ಎಂದು ಹಾಡು ಕೇಳಿಸಿ, ಕೊನೆಗೆ ನಿಮ್ಮ ಶೋರೂಮನ್ನು ಸಂಪರ್ಕಿಸಿ ಎನ್ನುತ್ತಿದ್ದರಂತೆ. ಒಮ್ಮೆ, ಹೊರಗೆ ಯಾರಾದರೂ ಎಲೆಕ್ಟ್ರಿಷಿಯನ್ ಹತ್ತಿರ ಬೇರೆ ವೈರು ಎಳೆಸಿ ಲೈಟು ಹಾಕಿಸಿಕೊಳ್ಳಲೇ ಎಂದು ಕೇಳಿದರು. "ಬ್ಯಾಡ್ರಿ ಸರ್, ಸೀಲ್ ಒಡೆದ್ರ ಕಂಪನಿಯವ್ರು ಹೊಸಾದು ಕೊಡಾಂಗಿಲ್ಲ" ಎಂದೆ. ನಿಯಮ ಹಾಗೇ ಇತ್ತು, ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ಮಾತು ಆಡದಿದ್ದರೆ ಎಂದು ಈಗ ಎಷ್ಟು ಸಲ ಅನ್ನಿಸಿದೆಯೋ.

ಅವರು ಕತ್ತಲಾದ ಮೇಲೆ ಹೋಗುವುದನ್ನು ಬಿಟ್ಟರು. ಎರಡು ತಿಂಗಳು ಹಾಗೆ ನಡೆಯಿತು. ಆಮೇಲೆ ಮೋಕದಿಂದ ಒಂದು ಸಂಜೆ ಕರೆ ಬಂತು. ಎಮ್ಮೆಗೆ ಕರು ಅಡ್ಡ ಸಿಕ್ಕಿತ್ತು. ಬೆಳಿಗ್ಗೆ ಬರುತ್ತೇನೆ ಎಂದರು. ಬೆಳಿಗ್ಗೆ ಹೋದಾಗ ಎಮ್ಮೆಯೂ ಕರುವೂ ಸತ್ತಿದ್ದವು. ಆ ಮನೆಯಾಕೆ ಕೈ ತೊಳೆಯಲು ನೀರು ತಂದುಕೊಟ್ಟಳಂತೆ. "ಕೈ ತೊಳ್ಕೊಳ್ಳಾಕ ನಾ ಮಾಡಿದ್ದರ ಏನಿತ್ತು?" ಎಂದು ನನ್ನ ಮೇಜಿನ ಮುಂದೆ ನಿಂತು ಕೇಳಿದರು. ಅವತ್ತಿನಿಂದ ಮತ್ತೆ ಹೋಗತೊಡಗಿದರು. ನಿಧಾನಕ್ಕೆ, ಅಂಚು ಹಿಡಿದು, ಪಕ್ಕದಲ್ಲಿ ಕೈಯಲ್ಲಿ ಹಿಡಿಯುವ ಬ್ಯಾಟರಿ ದೀಪ ಇಟ್ಟುಕೊಂಡು ಹೋಗುತ್ತೇನೆ ಎಂದಿದ್ದರು.

ಇನ್ನು ಹೇಳಬೇಕಾದ್ದನ್ನು ಹೇಳುತ್ತೇನೆ.

ಒಂದು ಸೋಮವಾರ ಬಿಡಿಭಾಗ ಬಂತು. ಒಂದೇ ಒಂದು. ನಮ್ಮಲ್ಲಿ ಕಾಯುವವರ ಪಟ್ಟಿ ಇತ್ತು, ಅದರ ಮೊದಲನೆಯ ಹೆಸರು ಪಂಪನಗೌಡರದು. ನಾನೇ ಬರೆದದ್ದು. ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. ನಮ್ಮಲ್ಲಿ ಮೂರು ಗಾಡಿ ಒಟ್ಟಿಗೆ ಕೊಳ್ಳುವುದಾಗಿ ಮಾತಾಡಿಹೋಗಿದ್ದ ಒಬ್ಬ ದೊಡ್ಡ ಮನುಷ್ಯರ ಕಾರು ಅದೇ ಪಟ್ಟಿಯ ಕೊನೆಯಲ್ಲಿತ್ತು. "ಮೊದಲು ಇದಕ್ಕ ಹಾಕಿಬಿಡಮ್ಮಾ. ಮುಂದಿನ ವಾರ ಇನ್ನೂ ನಾಕು ಬರ್ತಾವು" ಎಂದರು.

"ಡಾಕ್ಟ್ರು ಕತ್ಲಾಗ ತಿರುಗ್ತಾರ್ರಿ ಸರ್."

"ಒಂದು ವಾರದಾಗ ಏನಾಗ್ತೈತಮ್ಮಾ?"

ಸ್ಟಾಕ್ ಪುಸ್ತಕದಲ್ಲಿ ಬಂದದ್ದನ್ನು, ಯಾರ ಕಾರಿಗೆ ಹೋಯಿತು ಎಂಬುದನ್ನು ನನ್ನ ಕೈಯಲ್ಲೇ ಬರೆದೆ. ಅದೇ ಸಂಜೆ ಗೌಡರ ಫೋನ್. "ಬಂತೇನವ್ವಾ?"

"ಇನ್ನೂ ಇಲ್ರಿ ಸರ್" ಎಂದೆ.

ಮುಂದಿನ ವಾರ ನಾಲ್ಕು ಬರಲಿಲ್ಲ. ಆ ವಾರದ ಬುಧವಾರ ಗೌಡರು ಸಿರುಗುಪ್ಪದ ಕಡೆಯ ಒಂದು ಹಳ್ಳಿಯಲ್ಲಿ ಹಸು ನೋಡಿ ಕುರುಗೋಡಿಗೆ ಹಿಂತಿರುಗುತ್ತಿದ್ದರು. ದೀಪ ಹಚ್ಚುವ ಹೊತ್ತು ದಾಟಿ ಕತ್ತಲಾಗಿತ್ತು. ಕಾಲುವೆಯ ಬದಿಯ ರಸ್ತೆ, ಎರಡೂ ಕಡೆ ಭತ್ತದ ಗದ್ದೆ. ಲೈಟು ಹೋದವು. ಅವರು ಹಾರ್ನ್ ಒತ್ತಿ ಬ್ರೇಕ್ ಹಾಕಿದರು. ಎದುರಿಗೆ ಕುರಿ ಹಿಂಡು ರಸ್ತೆ ದಾಟುತ್ತಿತ್ತು. ಹಿಂಡಿನ ನಡುವೆ ಕುರಿಗಾರ ಬೀರಪ್ಪ ಇದ್ದ. ಹನ್ನೊಂದು ಕುರಿ ಸತ್ತವು. ಬೀರಪ್ಪನನ್ನು ಗೌಡರೇ ಎತ್ತಿ, ಬಂದ ಟೆಂಪೊ ಒಂದರಲ್ಲಿ ಮಲಗಿಸಿಕೊಂಡು ಸಿರುಗುಪ್ಪದ ಆಸ್ಪತ್ರೆಗೆ ಓಡಿದರು. ದಾರಿಯಲ್ಲೇ ಅವನ ಜೀವ ಹೋಯಿತು.

ಪೊಲೀಸರು ಕಾರು ಒಯ್ದರು. ಪರೀಕ್ಷೆ ಮಾಡಿದ ಅಧಿಕಾರಿ ಲೈಟು ಹಾಕಿ ನೋಡಿದಾಗ ಎರಡೂ ಉರಿದವು. ವಾಹನದಲ್ಲಿ ದೋಷ ಕಂಡುಬಂದಿಲ್ಲ ಎಂದು ಬರೆದುಕೊಟ್ಟರು. ಗೌಡರು ತಮ್ಮ ಕಡೆಯಿಂದ ಆ ರೀಕಾಲ್ ಪತ್ರ ಕೊಟ್ಟರು. ಅದೇ ಅವರ ಕೊರಳಿಗೆ ಬಂತು. ಕತ್ತಲಲ್ಲಿ ಓಡಿಸಬೇಡಿ ಎಂದು ಮೊದಲೇ ತಿಳಿಸಿದ್ದರೂ ಓಡಿಸಿದ್ದಾರೆ, ಆದ್ದರಿಂದ ಇದು ಚಾಲಕನ ನಿರ್ಲಕ್ಷ್ಯ ಎಂದಾಯಿತು. ಪೊಲೀಸರು ಶೋರೂಮಿಗೂ ಕೇಳಿ ಬರೆದಿದ್ದರು. ಮ್ಯಾನೇಜರ್ ಹೇಳಿದಂತೆ ಉತ್ತರ ಟೈಪ್ ಮಾಡಿದವಳು ನಾನು. ಗಿರಾಕಿಗೆ ಎಚ್ಚರಿಕೆ ನೀಡಲಾಗಿತ್ತು, ಬಿಡಿಭಾಗದ ಪೂರೈಕೆ ಕಂಪನಿಯಿಂದ ಆಗಬೇಕಿತ್ತು. ಎರಡೂ ನಿಜ. ಆ ಸೋಮವಾರದ ವಿಷಯ ಅದರಲ್ಲಿ ಇರಲಿಲ್ಲ. ಕೊಳಗಲ್ಲಿಗೆ ಹೋಗಿ ಬಂದು ನಾನು ಬರೆದ ಜಾಬ್ ಕಾರ್ಡೂ ಇರಲಿಲ್ಲ.

ಆಮೇಲೆ ಅವರ ಫೋನ್ ಬರಲಿಲ್ಲ. ಎರಡು ತಿಂಗಳು ಕಳೆದು, ಒಂದು ಭಾನುವಾರ ಅಮ್ಮನಿಗೆ ಬಸವೇಶ್ವರನ ಗುಡಿಗೆ ಹೋಗುತ್ತೇನೆಂದು ಹೇಳಿ ಕುರುಗೋಡಿನ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರ ಹೆಂಡತಿ ಸುಮಂಗಳಮ್ಮ ಬಾಗಿಲು ತೆರೆದರು. ಗೌಡರು ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ಗಡ್ಡ ಬೆಳೆದಿತ್ತು, ಅಂಗಿ ದೊಡ್ಡದಾಗಿ ಕಾಣುತ್ತಿತ್ತು. ನನ್ನನ್ನು ನೋಡಿ, "ಬಾರವ್ವಾ. ಬಸ್ಸಿಗೆ ಬಂದ್ಯಾ?" ಎಂದರು. ದವಾಖಾನೆ ಮುಚ್ಚಿದ್ದರು. ದನ ಹೊಡೆದುಕೊಂಡು ಬಂದವರನ್ನು ಸುಮಂಗಳಮ್ಮನೇ ಹಿಂದಕ್ಕೆ ಕಳಿಸುತ್ತಿದ್ದರಂತೆ.

ಅವರೇ ಮಾತು ತೆಗೆದರು. "ಬೀರಪ್ಪನ ಕುರಿಗೆ ವರ್ಷಾ ನಾನ ಜಂತಿನ ಔಷಧಿ ಹಾಕ್ತಿದ್ದೆ ಯವ್ವಾ. ಅವತ್ತು ಬ್ಯಾಟರಿ ಬಿಟ್ಟು ನೋಡಿದ್ರ, ಮೊದ್ಲು ಕುರಿ ಗುರ್ತು ಸಿಕ್ಕ್ವು. ಆಮ್ಯಾಲೆ ಅಂವಾ." ಅವನ ಮನೆಗೂ ಹೋಗಿದ್ದರಂತೆ. ಬೀರಪ್ಪನ ಹೆಂಡತಿ, 'ನಿಮ್ಮ ಕೈಯಾಗ ಆತಲ್ರಿ ಡಾಕ್ಟ್ರೆ' ಎಂದಷ್ಟೇ ಹೇಳಿ ಒಳಗೆ ಹೋದಳಂತೆ. "ಬೈದಿದ್ರ ಚಲೋ ಇತ್ತು. ನಾಕು ಬಡಿದಿದ್ರ ಇನ್ನೂ ಚಲೋ ಇತ್ತು."

ನಾನು ಹೇಳಿಬಿಟ್ಟೆ. ಸೋಮವಾರ ಬಿಡಿಭಾಗ ಬಂದದ್ದು, ಪಟ್ಟಿಯಲ್ಲಿ ಅವರ ಹೆಸರೇ ಮೊದಲಿದ್ದದ್ದು, ಅದು ಬೇರೆಯವರ ಕಾರಿಗೆ ಹೋದದ್ದು, ನಾನು ಫೋನಿನಲ್ಲಿ ಸುಳ್ಳು ಹೇಳಿದ್ದು. ಹೇಳುವಾಗ ಅವರ ಮುಖ ನೋಡಲಾಗದೆ ನೆಲ ನೋಡುತ್ತಿದ್ದೆ. ಒಳಬಾಗಿಲಲ್ಲಿ ನಿಂತಿದ್ದ ಸುಮಂಗಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಕಂಡಿತು.

ಅವರು ಬೈಯಲಿಲ್ಲ. ಬೀರಪ್ಪ ಸತ್ತದ್ದಕ್ಕಿಂತ ಎಷ್ಟು ದಿನ ಮೊದಲು ಬಂದಿತ್ತು ಎಂದು ಕೇಳಿದರು. ಒಂಬತ್ತು ದಿನ ಎಂದೆ. "ಒಂಬತ್ತು ದಿನ" ಎಂದು ತಾವೂ ಒಮ್ಮೆ ಹೇಳಿಕೊಂಡರು. ಆಮೇಲೆ, "ಇದನ್ನ ಕೋರ್ಟಿನ್ಯಾಗ ಹೇಳ್ತೀಯೇನವ್ವಾ?" ಎಂದರು. "ನನಗ ಬಿಡುಗಡೆ ಆಗ್ಲಿ ಅಂತಲ್ಲ. ಬೀರಪ್ಪನ ಹೇಣ್ತಿಗೆ ಗೊತ್ತಾಗಬೇಕು. ಡಾಕ್ಟ್ರು ಕಣ್ಣು ಮುಚ್ಕೊಂಡು ಓಡಿಸಿ ತನ್ನ ಗಂಡನ್ನ ಕೊಂದ ಅಂತ ಆಕಿ ತಿಳ್ಕೊಂಡಿರಬಾರ್ದು."

ನನಗೆ ಅಮ್ಮ ನೆನಪಾದಳು, ತಂಗಿಯ ಕಾಲೇಜು ನೆನಪಾಯಿತು. ಕೆಲಸ ಹೋಗುವುದು ಖಂಡಿತ. ಬೇರೆ ಶೋರೂಮಿನವರೂ ಸೇರಿಸಿಕೊಳ್ಳುವುದಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಅಷ್ಟು ಹೊತ್ತಿಗೆ ಬಳ್ಳಾರಿ ಬಸ್ಸಿನ ಸಮಯವಾಗಿದೆ ಎಂದು ಸುಮಂಗಳಮ್ಮ ಹೇಳಿದರು. ಎದ್ದು ಕೈಮುಗಿದು ಬಂದುಬಿಟ್ಟೆ.

ಮೂರು ವಾರ ಬೇಕಾಯಿತು ನನಗೆ. ಒಂದು ಶುಕ್ರವಾರ ಸ್ಟಾಕ್ ಪುಸ್ತಕದ ಆ ಪುಟದ ಫೋಟೊ ತೆಗೆದುಕೊಂಡೆ. ನನ್ನ ಹಳೆಯ ಜಾಬ್ ಕಾರ್ಡಿನದನ್ನೂ ತೆಗೆದುಕೊಂಡೆ. ಅಮ್ಮನಿಗೆ ಎಲ್ಲ ಹೇಳಿದೆ. ಅವಳು, "ಹೋಗು. ಇಷ್ಟು ದಿನ ಯಾಕ ಕುಂತಿ?" ಎಂದಳು. ಶನಿವಾರ ಗೌಡರ ವಕೀಲರ ಆಫೀಸು ಹುಡುಕಿಕೊಂಡು ಹೋದೆ. ವಕೀಲರು ಫೋಟೊಗಳನ್ನು ಎರಡೆರಡು ಸಲ ನೋಡಿ ಮೊಬೈಲನ್ನು ನನ್ನ ಕಡೆಗೆ ಸರಿಸಿದರು.

"ಎಂಟು ದಿನ ಮೊದ್ಲು ತಂದಿದ್ರ ಚಲೋ ಇತ್ತಮ್ಮಾ. ಗೌಡ್ರು ಹೋಗಿಬಿಟ್ರು. ಎದಿ ನೋವು ಅಂದ್ರಂತ, ಬಳ್ಳಾರಿಗೆ ಕರ್ಕೊಂಡು ಬರೋದ್ರಾಗ ಮುಗಿದಿತ್ತು."

"ಕೇಸು?" ಎಂದೆ.

"ಆರೋಪಿನ ಇಲ್ದಮ್ಯಾಲೆ ಕೇಸ್ ಎಲ್ಲಿರ್ತೈತಿ? ಮುಚ್ಚಿದಂಗ."

"ಹಂಗಾರ ತಪ್ಪು ಯಾರ್ದು ಅಂತ ಆತ್ರಿ?"

"ಅದನ್ನ ಇನ್ನ ಯಾರೂ ಬರಿಯಾಂಗಿಲ್ಲಮ್ಮಾ."

ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ನಡೆದು, ಕುರುಗೋಡಿಗೆ ಹೋದೆ. ಸುಮಂಗಳಮ್ಮ ಒಬ್ಬರೇ ಇದ್ದರು. ಹಣೆಯ ಮೇಲೆ ವಿಭೂತಿ ಮಾತ್ರ ಇತ್ತು. ನನಗೆ ನೀರು ಕೊಟ್ಟು ಎದುರಿಗೆ ಕುಳಿತರು. ನಾನು ಮೊಬೈಲ್ ತೆಗೆದು ಫೋಟೊ ತೋರಿಸಿದೆ. ಅವರಿಗೆ ಓದಲು ಬರುತ್ತಿತ್ತೋ ಇಲ್ಲವೋ, ಬೆರಳಿನಿಂದ ಗಾಜಿನ ಮೇಲೆ ಒಮ್ಮೆ ಸವರಿ ಹಿಂದಕ್ಕೆ ಕೊಟ್ಟರು.

"ದಿನಾ ಬಳ್ಳಾರಿ ಬಸ್ ಬರೂ ಹೊತ್ತಿಗೆ ಬಾಗಿಲಾಗ ಹೋಗಿ ನಿಂದರ್ತಿದ್ರು ತಂಗಿ" ಎಂದರು. "ಯಾರು ಬರೋರದಾರ ಅಂತ ಕೇಳಿದ್ರ, ಶೋರೂಮಿನ ಹುಡ್ಗಿ ಬರ್ತೀನಿ ಅಂದಾಳ ಅಂತಿದ್ರು."

ನಾನು ಬರುತ್ತೇನೆ ಎಂದಿರಲಿಲ್ಲ. ಅವತ್ತು ಏನೂ ಹೇಳದೆ ಎದ್ದು ಬಂದಿದ್ದೆ.